ಏಳನೇ ಬೋರಿನ ಖಾಲಿ ಜಾಗ

"ಎಲ್ಲರೂ ಹಿಂದೆ ಸರೀರಿ," ಎಂದು ಅವನು ಹೇಳಿ ಮುಗಿಸುವ ಮೊದಲೇ ಉಕ್ಕಿನ ಕೊಳವೆ ಅವನ ಕೈಯಡಿಯಿಂದ ಸರ್ರನೆ ಜಾರಿ ನೆಲದೊಳಗೆ ಇಳಿದುಹೋಯಿತು. ಕೊರೆಯುತ್ತ ಇಳಿದದ್ದಲ್ಲ, ಬಿದ್ದದ್ದು. ತೂತಿನ ಬಾಯಲ್ಲಿ ಅಷ್ಟು ಹೊತ್ತು ಉಕ್ಕುತ್ತಿದ್ದ ಬಿಳಿ ನೀರು ಗುಟುಕೆಂದು ಸದ್ದು ಮಾಡಿ ಒಳಕ್ಕೆ ಹೋಯಿತು, ಮತ್ತೆ ಬರಲಿಲ್ಲ. ಅವನು ಇಂಜಿನ್ ಆರಿಸಿದ.

ಮೂರು ವಾರಗಳಲ್ಲಿ ಆ ಗುಡ್ಡದ ಮೇಲೆ ಅಂಥ ನಿಶ್ಶಬ್ದ ಇರಲೇ ಇಲ್ಲ. ಕೆಳಗೆ ಕಲ್ಲು ತೆಗೆದ ಕಣಿಯಲ್ಲಿ ಮೂಳೆಗಳ ಮೇಲಿನ ಮಣ್ಣನ್ನು ಬ್ರಷ್ಷಿನಿಂದ ಸವರುತ್ತಿದ್ದವರ ಕೆಮ್ಮು ಕೂಡ ಇಲ್ಲಿಗೆ ಕೇಳಿಸಿತು.

ಅವಳು ಸ್ಟೂಲಿನಿಂದ ಎದ್ದು ಬಂದಳು. ತೊಡೆಯ ಮೇಲಿದ್ದ ಹಾಳೆಗಳು ಚೆಲ್ಲಾಪಿಲ್ಲಿಯಾದವು, ಹೆಕ್ಕಲಿಲ್ಲ.

"ಎಷ್ಟು ಬಿತ್ತು?"

ಅವನು ಕೊಳವೆಯ ತುದಿಗೆ ಟೇಪು ಹಿಡಿದ. "ಒಂದು ಮೀಟರ್ ಎಂಬತ್ತೈದು. ನನಗಿಂತ ಹತ್ತು ಸೆಂಟಿಮೀಟರ್ ಜಾಸ್ತಿ."

"ನಿಮ್ಮ ಎತ್ತರ ಕೇಳಲಿಲ್ಲ."

"ಬರ್ಕೊಂಡಿರಿ ಮೇಡಂ. ಯಾವಾಗಾದ್ರೂ ಬೇಕಾಗುತ್ತೆ."

ಅವಳು ಬರೆದುಕೊಂಡಳು. ಕೊಳವೆ ಬಿದ್ದ ಆಳವನ್ನು ಮಾತ್ರ. ಆದರೆ ಬರೆಯುವಾಗ ಪೆನ್ಸಿಲು ಒಂದು ಕ್ಷಣ ತಡವರಿಸಿದ್ದನ್ನು ಅವನು ನೋಡಿದ, ಅವನು ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ತುಂಬ ಗಂಭೀರವಾಗಿ ತೂತಿನೊಳಗೆ ಇಣುಕಿದರು. ಅಲ್ಲಿ ಕತ್ತಲೆಯ ಹೊರತು ಏನೂ ಕಾಣುತ್ತಿರಲಿಲ್ಲ.

ಆ ಕಣಿಯಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಒಂದು ದೈತ್ಯ ಪ್ರಾಣಿಯ ಬೆನ್ನುಮೂಳೆ ಸುಣ್ಣದ ಕಲ್ಲಿನಿಂದ ಅರ್ಧ ಎದ್ದು ಮಲಗಿತ್ತು. ಅದನ್ನು ನೋಡಲು ಬರುವವರಿಗಾಗಿ ಮೇಲಿನ ಗುಡ್ಡದಲ್ಲಿ ಮ್ಯೂಸಿಯಂ ಕಟ್ಟುವುದೆಂದು ನಿಶ್ಚಯವಾಗಿತ್ತು. ಅದರ ಮುಖ್ಯ ಸಭಾಂಗಣಕ್ಕೆ ಮೂರು ಕಡೆಯೂ ಗಾಜು. ಜನ ಅಲ್ಲಿ ನಿಂತರೆ ಕಾಲ ಕೆಳಗೇ ಮೂಳೆಗಳು ಕಾಣಬೇಕು ಎನ್ನುವುದು ನಕ್ಷೆ ಬರೆದವರ ಆಸೆ. ಅಷ್ಟು ಗಾಜನ್ನೂ ಅಷ್ಟು ಜನರನ್ನೂ ಹೊರಲು ಕೆಳಗಿನ ಕಲ್ಲು ಗಟ್ಟಿಯಿದೆಯೇ ಎಂದು ಮೊದಲೇ ಹೇಳುವುದು ಅವಳ ಕೆಲಸ. ಅವಳು ಭೂವಿಜ್ಞಾನಿ. ಏಳು ಕಡೆ ಕೊರೆದು, ಬಂದ ಕಲ್ಲನ್ನು ಓದಿ, ವರದಿ ಬರೆದು ಸಹಿ ಹಾಕಬೇಕು. ಏಳನೆಯದೇ ಕೊನೆಯ ಬೋರು. ಅದು ಸರಿಯಾಗಿ ಗಾಜಿನ ಸಭಾಂಗಣದ ನಟ್ಟನಡುವೆ ಇತ್ತು.

ಕೆಲಸದವರು ಅವಳಿಗೆ ಇಟ್ಟ ಹೆಸರು ಕಲ್ಲು ಮೇಡಂ. ಮೆಷಿನ್ ನಡೆಸುವ ಅವನಿಗೆ ಇಟ್ಟ ಹೆಸರು ಮಾಸ್ತರು. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ದಿನದ ಕೊನೆಗೆ ಎಷ್ಟು ಕೊರೆದೆ, ಯಾವ ಬಣ್ಣದ ನೀರು ಬಂತು, ಎಲ್ಲಿ ಮೆಷಿನ್ ಮುನಿಸಿಕೊಂಡಿತು ಎಂದು ಡ್ರಿಲ್ಲರ್ ಪುಸ್ತಕದಲ್ಲಿ ಅಚ್ಚು ಹಾಕಿದಂತೆ ದುಂಡಗೆ ಬರೆಯುತ್ತಿದ್ದ, ಅಷ್ಟೆ. ಎಣ್ಣೆ ಮೆತ್ತಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಯದೆ ಆ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ.

ಮೂರು ವಾರ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ನಿಧಾನ ಕೊರೆಯಿರಿ, ಕಲ್ಲು ಪುಡಿಯಾಗುತ್ತೆ ಎಂದು ಅವಳು. ನಿಧಾನ ಮಾಡಿದರೆ ಇಂಜಿನ್ ಬಿಸಿಯಾಗುತ್ತೆ ಎಂದು ಅವನು. ಒಮ್ಮೆ ಅವಳು ಕಲ್ಲಿನ ತುಂಡೊಂದನ್ನು ನಾಲಿಗೆಗೆ ತಾಗಿಸಿ ಪರೀಕ್ಷಿಸುತ್ತಿದ್ದಾಗ, ಉಪ್ಪು ಸರಿಯಾಗಿದೆಯೇ ಎಂದು ಹಿಂದಿನಿಂದ ಕೇಳಿದ್ದ. ಅವಳು ತಿರುಗಿಯೂ ನೋಡದೆ, ನಿಮ್ಮ ಮಾತಿಗಿಂತ ಪರವಾಗಿಲ್ಲ ಎಂದಿದ್ದಳು. ಇನ್ನೊಮ್ಮೆ ಸುಣ್ಣದ ಕಲ್ಲು ಹೌದೋ ಅಲ್ಲವೋ ನೋಡಲು ಅವಳು ಆಸಿಡ್ ಬಾಟಲಿಯಿಂದ ಒಂದು ಹನಿ ಬಿಟ್ಟು, ನೊರೆಯ ಸದ್ದು ಕೇಳಲು ಕಿವಿ ಹತ್ತಿರ ಹಿಡಿದಳು. ಏನು ಕೇಳಿಸುತ್ತೆ ಎಂದು ಅವನೂ ಬಗ್ಗಿದ. ಅಂಗೈಯಗಲದ ಕಲ್ಲು, ಎರಡು ಕಿವಿ. ಅವನ ರೆಪ್ಪೆಯ ಮೇಲೆ ಬಿಳಿ ಧೂಳು ಕೂತಿತ್ತು. ನೊರೆ ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ. "ನಿಂತೋಯ್ತು," ಎಂದು ಅವನೇ ಹೇಳಬೇಕಾಯಿತು. ಹೇಳಿದ ಮೇಲೂ ಅವನು ತಲೆ ಎತ್ತಲಿಲ್ಲ.

ಅದಾದ ಮೇಲೆ ಜಗಳ ಇನ್ನೂ ಜಾಸ್ತಿಯಾಯಿತು.

ಶನಿವಾರ ಕೊಳವೆ ಬಿದ್ದ ಮೇಲೆ ಇಬ್ಬರೂ ಸೇರಿ ಏಳನೇ ಬೋರಿನ ಕಲ್ಲುಗಳನ್ನು ಮರದ ಉದ್ದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿದರು. ಭೂಮಿಯೊಳಗೆ ಯಾವ ಕ್ರಮದಲ್ಲಿತ್ತೋ ಪೆಟ್ಟಿಗೆಯಲ್ಲೂ ಅದೇ ಕ್ರಮ. ಕಲ್ಲೇ ಇಲ್ಲದ ಕಡೆ ಅಷ್ಟುದ್ದ ಜಾಗವನ್ನು ಖಾಲಿ ಬಿಟ್ಟು, ಅದರ ತಲೆಗೆ ಒಂದು ಮರದ ತುಂಡು ಇಟ್ಟು, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯಬೇಕು. ಅವನು ಕೆಂಪು ಬಣ್ಣದಲ್ಲಿ ಬರೆದ: ೧೮.೪೦ – ೨೦.೨೫. ಖಾಲಿ. ಬರೆದು, ಬಣ್ಣ ಒಣಗಲೆಂದು ಮಗುವಿನ ಹಾಲಿಗೆ ಊದುವಂತೆ ಮೆಲ್ಲಗೆ ಊದಿದ. ಆ ಊದುವಿಕೆಯನ್ನು ಅವಳು ಭಾನುವಾರ ಇಡೀ ದಿನ ನೆನೆಸಿಕೊಂಡಳು. ತನ್ನ ಮೇಲೆ ತನಗೇ ಸಿಟ್ಟು ಬರುವಷ್ಟು.

ಸೋಮವಾರ ಬೆಳಿಗ್ಗೆ ಫೋಟೋ ತೆಗೆಯಲೆಂದು ಪೆಟ್ಟಿಗೆಯ ಬೀಗ ಬಿಚ್ಚಿ ಮುಚ್ಚಳ ತೆಗೆದರೆ ಮರದ ತುಂಡು ಇಲ್ಲ. ಖಾಲಿ ಜಾಗವೂ ಇಲ್ಲ. ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ಸರಿಸಿ, ಕೊನೆಗೆ ಉಳಿದ ಜಾಗಕ್ಕೆ ಬೇರೆ ಕಲ್ಲು ತುಂಬಿಸಿದ್ದರು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಗೊತ್ತಿಲ್ಲದವರು ಭೂಮಿಯೇ ಹೀಗಿದೆ ಎಂದು ನಂಬುವ ಹಾಗೆ. ಒಂದೇ ಎಡವಟ್ಟಾಗಿತ್ತು. ತುಂಬಿಸಿದ ಕಲ್ಲಲ್ಲಿ ಒಂದು ಪುಟ್ಟ ಶಂಖದ ಅಚ್ಚು ಇತ್ತು, ಅದರ ಸುತ್ತ ಪೆನ್ಸಿಲಿನ ಗೆರೆ ಇತ್ತು. ಹತ್ತು ದಿನದ ಹಿಂದೆ ಮೂರನೇ ಬೋರಿನ ಕಲ್ಲಿಗೆ ಆ ಗೆರೆ ಎಳೆದವಳು ಅವಳೇ.

ಕಲ್ಲನ್ನು ಇಷ್ಟು ಚೆನ್ನಾಗಿ ಜೋಡಿಸಬಲ್ಲವರು ಅವಳಿಗೆ ತಿಳಿದಂತೆ ಇಬ್ಬರೇ ಇದ್ದರು. ಒಬ್ಬರು ಅವಳಿಗೆ ಆ ಕೆಲಸ ಕಲಿಸಿದವರು, ಅವರ ಬಗ್ಗೆ ಅವಳು ಯೋಚಿಸಲೇ ಇಲ್ಲ. ನೇರ ಮೆಷಿನ್ ಹತ್ತಿರ ನಡೆದು, ಕೊಳವೆಗಳನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದ ನಾಲ್ಕು ಜನರೆದುರಿಗೆ ನಿಂತು ಕೇಳಿದಳು:

"ಯಾರಿಗೋಸ್ಕರ ತೆಗೆದ್ರಿ ಮಾಸ್ತರೇ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಅರ್ಥ ಮಾಡಿಸಿದಳು. ಬಾಯಿಗೆ ಬಂದದ್ದೆಲ್ಲ ಬಂತು. ದುಂಡಗಿನ ಅಕ್ಷರ ಬರೆದವರೆಲ್ಲ ಪ್ರಾಮಾಣಿಕರಾಗುವುದಿಲ್ಲ ಎನ್ನುವುದೂ ಬಂತು. ಅದು ಬಂದಾಗ ಮಾತ್ರ ಅವನ ಮುಖದಲ್ಲಿ ಏನೋ ಮುಚ್ಚಿಕೊಂಡಿತು.

ಅವನು ಕೈ ತೊಳೆಯಲು ಹೋದ. ಒಂದು ಸಲ ಸೋಪು ಹಾಕಿದ, ಎರಡನೇ ಸಲ ಹಾಕಿದ. ಅಷ್ಟು ಹೊತ್ತೂ ಅವಳು ಬಿಸಿಲಲ್ಲಿ ನಿಂತೇ ಇದ್ದಳು. ಆಮೇಲೆ ಪುಸ್ತಕ ತಂದು, ಶನಿವಾರದ ಪುಟ ತೆಗೆದು ಅವಳ ಕೈಗಿಟ್ಟ. ಹದಿನೆಂಟು ನಲವತ್ತಕ್ಕೆ ಕೊಳವೆ ತಾನಾಗಿ ಇಳಿಯಿತು. ನೀರು ವಾಪಸು ಬರಲಿಲ್ಲ. ಖಾಲಿ. ಅದರ ಕೆಳಗೆ ಅವನ ಸಹಿ. ಸಹಿಯ ಪಕ್ಕದಲ್ಲಿ ಮೇಡಂ ಖುದ್ದು ನೋಡಿದ್ದಾರೆ ಎಂಬ ಒಂದು ಸಾಲು.

"ಅಳಿಸೋದಿದ್ರೆ ಇದನ್ನ ಮೊದಲು ಅಳಿಸ್ತಿದ್ದೆ," ಎಂದ. "ಪೆಟ್ಟಿಗೆಯ ಬೀಗದ ಕೈ ಎರಡಿವೆ. ಒಂದು ನಿಮ್ಮ ಹತ್ರ. ಇನ್ನೊಂದು ನನ್ನ ಹತ್ರ ಇಲ್ಲ."

ಇನ್ನೊಂದು ಯಾರ ಹತ್ತಿರ ಇದೆಯೆಂದು ಅವನು ಹೇಳಲಿಲ್ಲ. ಕೇಳುವ ಧೈರ್ಯ ಅವಳಿಗೂ ಬರಲಿಲ್ಲ. ಕ್ಷಮೆ ಕೇಳಿದಳು. ಅವನು ಇರಲಿ ಬಿಡಿ ಎಂದ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಳು. ಅವನು ಎದ್ದು ಹೋಗಲಿಲ್ಲ. ಅವಳು ತನ್ನ ಡಬ್ಬಿಯ ಅರ್ಧವನ್ನು ಅವನ ಮುಚ್ಚಳಕ್ಕೆ ಹಾಕಿದಳು.

"ಲಂಚಾನಾ?" ಎಂದ.

"ದಂಡ."

"ಅರ್ಧ ಡಬ್ಬಿಗೆ ಮುಗಿಯೋ ತಪ್ಪಲ್ಲ ಅದು. ನಾಲ್ಕು ಜನದ ಮುಂದೆ ಬೈದಿದ್ದೀರಿ."

"ನಾಲ್ಕು ಜನದ ಮುಂದೇ ತಿನ್ನಿಸ್ತಿದ್ದೀನಲ್ಲ."

ಲಾರಿಯ ಹತ್ತಿರ ಆ ನಾಲ್ವರೂ ತಮಗೆ ಕಿವಿಯೇ ಇಲ್ಲವೆಂಬಂತೆ ಕೊಳವೆ ಎಣಿಸುತ್ತಿದ್ದರು. ಒಂದೇ ಕೊಳವೆಯನ್ನು ಮೂರನೇ ಸಲ. ಅವನು ತುತ್ತು ಬಾಯಿಗಿಟ್ಟುಕೊಂಡು, ನಗು ಕಾಣದಿರಲೆಂದು ಮುಖವನ್ನು ಕಣಿಯ ಕಡೆ ತಿರುಗಿಸಿದ. ಕಿವಿಯ ಹಿಂದೆ ಮಾತ್ರ ನಗು ಕಾಣುತ್ತಿತ್ತು.

ಸಂಜೆ ಮನೆಯಲ್ಲಿ ಊಟದ ಮೇಜು ಅಲುಗಾಡುತ್ತಿರಲಿಲ್ಲ.

ವರ್ಷಗಳಿಂದ ಅಲುಗಾಡುತ್ತಿದ್ದ ಮೇಜು. ಅವಳು ಹದಿನಾಲ್ಕರ ವಯಸ್ಸಿಗೆ, ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಅಕ್ಕನ ಮನೆಗೆ ಬಂದಾಗಿನಿಂದಲೂ ಅದರ ಒಂದು ಕಾಲು ಗಿಡ್ಡ. ಆ ಮೇಜಿನ ಮೇಲೆಯೇ ಭಾವ ಅವಳಿಗೆ ಲೆಕ್ಕ ಹೇಳಿಕೊಟ್ಟದ್ದು. ಸರ್ವೇ ಕಂಪನಿ ಅವರದು, ಮೆಷಿನ್ ಅವರದು. ಅವಳು ಕಲ್ಲು ಓದಲು ಕಲಿತದ್ದೂ ಅವರಿಂದಲೇ. ಮೊದಲ ದಿನ ಪೆಟ್ಟಿಗೆಯ ಮುಂದೆ ಕೂರಿಸಿಕೊಂಡು ಹೇಳಿದ್ದರು: ಕಲ್ಲು ಯಾರು ಬೇಕಾದ್ರೂ ಬರೀತಾರೆ, ಇಲ್ಲದ್ದನ್ನ ಇಲ್ಲ ಅಂತ ಬರೆಯೋಳು ನೀನಾಗಬೇಕು.

ಅವಳು ಬಗ್ಗಿ ನೋಡಿದಳು. ಗಿಡ್ಡ ಕಾಲಿನ ಕೆಳಗೆ ಒಂದು ಮರದ ತುಂಡು. ಅದರ ಮೇಲೆ ಕೆಂಪು ಬಣ್ಣದ ದುಂಡಗಿನ ಅಕ್ಷರ.

"ಚೆನ್ನಾಗಿ ಕೂತಿದೆ ಅಲ್ವಾ?" ಎಂದಳು ಅಕ್ಕ, ಲೋಟಗಳನ್ನು ತರುತ್ತ. "ಇವತ್ತು ಕಾರಿನ ಡಿಕ್ಕಿ ಗುಡಿಸುವಾಗ ಸಿಕ್ತು. ನಿಮ್ಮಿಬ್ಬರ ಕಸದಲ್ಲಿ ಮೊದಲ್ನೇ ಸಲ ಉಪಯೋಗಕ್ಕೆ ಬರೋ ವಸ್ತು."

ಅವಳು ಮೇಜನ್ನು ಎತ್ತಿ ತುಂಡನ್ನು ಎಳೆದುಕೊಂಡಳು. ಲೋಟಗಳು ಜಾರಿ ಚಹಾ ಚೆಲ್ಲಿತು. ಎದುರಿಗೆ ಪೇಪರ್ ಓದುತ್ತಿದ್ದ ಭಾವ ಪೇಪರನ್ನು ಇಳಿಸಿದರು, ಅವಳ ಕೈಯಲ್ಲಿದ್ದುದನ್ನು ನೋಡಿದರು, ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಅವರು ಶಾಂತವಾಗಿಯೇ ವಿವರಿಸಿದರು. ಗುಹೆ ಎಂದು ಬರೆದರೆ ಮ್ಯೂಸಿಯಂ ಅರವತ್ತು ಮೀಟರ್ ಹಿಂದಕ್ಕೆ ಸರಿಯಬೇಕು, ಅಲ್ಲಿಂದ ಮೂಳೆ ಕಾಣುವುದಿಲ್ಲ. ಮೂಳೆ ಕಾಣದ ಮೇಲೆ ಗಾಜಿಗೆ ಅರ್ಥವಿಲ್ಲ. ಜಾಗ ಗಟ್ಟಿಯಿದೆ ಎಂದು ಅವರು ಬೋರು ಹಾಕುವ ಮೊದಲೇ ಮ್ಯೂಸಿಯಂ ಸಮಿತಿಗೆ ಮಾತು ಕೊಟ್ಟಿದ್ದರು, ಆ ಮಾತಿನ ಮೇಲೆ ಶಂಕುಸ್ಥಾಪನೆಯ ದಿನವೂ ನಿಗದಿಯಾಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ತಮ್ಮ ಮಾತು ಒಂದು ಸಲವೂ ಸುಳ್ಳಾಗಿಲ್ಲ ಎಂದರು. ಏಳರಲ್ಲಿ ಒಂದು ತೂತು, ಅದರಲ್ಲಿ ಎರಡು ಮೀಟರ್ ಕೂಡ ಇಲ್ಲದ ಒಂದು ಸಂದಿ. ಪಾಯ ಹಾಕುವಾಗ ಹೇಗಿದ್ದರೂ ಕಾಂಕ್ರೀಟ್ ಇಳಿಯುತ್ತದೆ. ನಾಳೆ ಮಧ್ಯಾಹ್ನ ವರದಿ ಹೋಗಬೇಕು, ಸಹಿ ಹಾಕು.

ಕಾಂಕ್ರೀಟ್ ಎಷ್ಟು ಬೇಕು ಎಂದು ತಿಳಿಯಲಿಕ್ಕಾದರೂ ಬರೆಯಬೇಕಲ್ಲ ಎಂದಳು ಅವಳು. ಆ ಗಾಜಿನ ಮನೆಗೆ ಮೊದಲು ಬರುವುದು ಸ್ಕೂಲಿನ ಬಸ್ಸುಗಳು ಎಂದಳು. ಪಕ್ಕದಲ್ಲೇ ಇನ್ನೊಂದು ಬೋರು ಹಾಕಿ ನೋಡೋಣ ಎಂದು ಕೇಳಿಕೊಂಡಳು. ನಾಳೆ ಮೆಷಿನ್ ವಾಪಸು ಬರುತ್ತದೆ ಎಂದರು ಭಾವ.

"ನಿನಗೆ ಈ ಹಟ ಎಲ್ಲಿಂದ ಬಂತು?" ಎಂದು ಅಕ್ಕ ಚಹಾ ಒರೆಸುತ್ತ ಮಧ್ಯೆ ಬಾಯಿ ಹಾಕಿದಳು. "ಆ ಮಾಸ್ತರು ಕಲಿಸಿದ್ದಾ? ದಿನಕ್ಕೆ ನಾಲ್ಕು ಸಲ ಅವನ ವಿಷಯ ಬರುತ್ತೆ. ನಾಲ್ಕು ಸಲಾನೂ ಬೈಗುಳ. ಇಷ್ಟು ಶ್ರದ್ಧೆಯಿಂದ ನಾನು ನಿನ್ನ ಭಾವನ್ನೂ ಬೈದಿಲ್ಲ."

ಅವಳು ಕೆಂಪಾದಳು. ಭಾವ ಅದನ್ನು ಕಲ್ಲು ನೋಡುವಷ್ಟೇ ಗಮನವಿಟ್ಟು ನೋಡಿದರು. ಮೆಷಿನ್ ಮೇಲಿರುವವನು ಮೆಷಿನ್ ಮೇಲೇ ಇರಲಿ ಎಂದು ಹೇಳಿ ಎದ್ದು ಹೋದರು. ಅಕ್ಕನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ನಿಂತಿತು. ತಮಾಷೆ ಇಲ್ಲಿಗೆ ಬಂದು ಮುಟ್ಟುತ್ತದೆಂದು ಅಕ್ಕ ಎಣಿಸಿರಲಿಲ್ಲ.

ಮಂಗಳವಾರ ಬೆಳಕು ಹರಿಯುವಷ್ಟರಲ್ಲಿ ಅವಳು ಗುಡ್ಡ ಹತ್ತಿದಳು. ಲಾರಿ ಆಗಲೇ ಅರ್ಧ ತುಂಬಿತ್ತು. ನಡೆದದ್ದನ್ನೆಲ್ಲ ಅವನಿಗೆ ಹೇಳಿದಳು. ಬೀಗದ ಕೈ ಯಾರದೆಂದೂ, ತುಂಡು ಎಲ್ಲಿ ಸಿಕ್ಕಿತೆಂದೂ. ಮೇಜಿನ ಕಾಲಿನ ಕಥೆಗೆ ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಎಷ್ಟು ದೂರದಲ್ಲಿ ಹಾಕಬೇಕು ಎಂದು ಕೇಳಿದ.

"ಏನನ್ನ?"

"ಇನ್ನೊಂದು ಬೋರು."

"ಮೆಷಿನ್ ವಾಪಸು ಹೋಗಬೇಕು ಅಂದಿದ್ದಾರೆ. ನಿಮ್ಮ ಕೆಲಸ ಹೋಗುತ್ತೆ ಮಾಸ್ತರೇ."

"ವಾಪಸು ಹೋಗಬೇಕು ಅಂದಿದ್ದಾರೆ. ಎಷ್ಟು ಗಂಟೆಗೆ ಅಂದ್ರಾ?"

ಅವಳು ಇಲ್ಲವೆಂದಳು. ಅವನು ನಾಲ್ವರಿಗೂ ಕೊಳವೆ ಇಳಿಸಲು ಹೇಳಿದ. ಅವರು ಯಾಕೆಂದು ಕೇಳಲಿಲ್ಲ. ತಾವು ಹೇರಿದ್ದನ್ನು ತಾವೇ ಇಳಿಸುವುದು ಜಗತ್ತಿನ ನಿಯಮವೆಂಬಂತೆ, ಗೊಣಗುತ್ತ ಇಳಿಸಿದರು. ಅವಳು ಹಳೆಯ ತೂತಿನಿಂದ ಎರಡು ಮೀಟರ್ ಅಳೆದು ಹಿಮ್ಮಡಿಯಿಂದ ಗುಂಡಿ ಮಾಡಿ ತೋರಿಸಿದಳು. ಇಂಜಿನ್ ಹೊತ್ತಿಕೊಂಡಿತು.

ಕಲ್ಲು ಉಳಿಸಿಕೊಳ್ಳುವ ಹಾಗಿರಲಿಲ್ಲ, ಹೊತ್ತಿರಲಿಲ್ಲ. ಆಳ ಮುಟ್ಟಿದರೆ ಸಾಕಿತ್ತು. ಮೂರು ವಾರ ನಿಧಾನ ನಿಧಾನ ಎಂದು ತಲೆ ತಿಂದವಳು ಇವತ್ತು ಬೇಗ ಎಂದಳು. ಅವನು ಹುಬ್ಬು ಎತ್ತಿದ. ಕಲ್ಲು ಪುಡಿಯಾಗುತ್ತೆ ಎಂದು ಅವಳ ದನಿಯನ್ನೇ ಅಣಕಿಸಿದ. ಅವಳು ಬಕೆಟ್ಟಿನಲ್ಲಿ ನೀರು ತಂದು ಬಿಡುವಿಲ್ಲದೆ ಓಡಿ ಕಾದ ಇಂಜಿನ್ನಿಗೆ ಹೊದಿಸಿದ್ದ ಗೋಣಿಯ ಮೇಲೆ ಸುರಿದಳು. ಬಕೆಟ್ಟು ಬಕೆಟ್ಟಾಗಿ, ಮೊಣಕೈ ಸೋಲುವವರೆಗೆ. ಐದು ಮೀಟರ್. ಹತ್ತು. ಬಿಳಿ ನೀರು ಇಬ್ಬರ ಮೇಲೂ ಸಿಡಿದು ಒಣಗಿತು. ಇಬ್ಬರ ಕೂದಲೂ ಒಟ್ಟಿಗೆ ನರೆತ ಹಾಗೆ.

"ಹೀಗೇ ಇರುತ್ತೇನೋ," ಎಂದ ಅವನು ಅವಳನ್ನು ನೋಡಿ.

"ಏನು?"

"ಮುದುಕಿಯಾದ ಮೇಲೆ. ನಿಮ್ಮ ಮುಖ." ಲಿವರ್ ಮೇಲೆ ಕೈಯಿಟ್ಟುಕೊಂಡೇ ಹೇಳಿದ, ಹವಾಮಾನ ಹೇಳುವವನ ಹಾಗೆ. "ನೋಡೋಕೆ ಬರಬೇಕು ಅಂತ ಇತ್ತು. ಇವತ್ತೇ ನೋಡಿದ ಹಾಗಾಯ್ತು."

ಅವಳು ಖಾಲಿ ಬಕೆಟ್ಟನ್ನು ಕೆಳಗಿಟ್ಟಳು. "ಅದಕ್ಕೆ ತುಂಬ ವರ್ಷ ಇದೆ," ಎಂದಳು. "ಅಷ್ಟು ವರ್ಷಾನೂ ನೋಡ್ಬೇಕಾಗುತ್ತೆ."

ಇಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಅವಳು ಒದ್ದಾಡುತ್ತಿರುವಾಗ, ಒಬ್ಬ ಕೆಲಸದವನು ಪಕ್ಕದವನಿಗೆ ಮೊಣಕೈ ತಿವಿದದ್ದು ಕಂಡಿತು. ಹತ್ತು ಹೆಜ್ಜೆ ದೂರದವರಿಗೆ ಕೇಳಿಸಿದ್ದು ಹತ್ತಿರದವನಿಗೆ ಕೇಳಿಸದೆ ಇರುತ್ತದೆಯೇ? ಅವನು ಗೇರು ಬದಲಾಯಿಸುವುದನ್ನು ಮರೆತಿದ್ದ.

ಹದಿನೇಳು ತೊಂಬತ್ತಕ್ಕೆ ಕೊಳವೆ ಬಿತ್ತು. ಈ ಸಲ ಇನ್ನೂ ಆಳಕ್ಕೆ. ಮೂರು ಮೀಟರ್ ಹತ್ತು. ಅದೇ ಗುಟುಕು, ಅದೇ ನಿಶ್ಶಬ್ದ. ಅದು ಸಂದಿಯಲ್ಲ, ಇಬ್ಬರು ಒಬ್ಬರ ಹೆಗಲ ಮೇಲೊಬ್ಬರು ನಿಲ್ಲಬಹುದಾದ ಕೋಣೆ. ಅವನು ಕೈ ತೊಳೆದುಕೊಂಡು ಬಂದು ಪುಸ್ತಕದಲ್ಲಿ ಬರೆದ. ಅವಳು ಸ್ಟೂಲಿನ ಮೇಲೆ ಕೂತು, ವರದಿಯ ಏಳನೇ ಬೋರಿನ ಹಾಳೆ ತುಂಬಿಸಿ, ಅದಕ್ಕೆ ಇನ್ನೊಂದು ಹಾಳೆ ಸೇರಿಸಿ, ಕೆಳಗೆ ಸಹಿ ಹಾಕಿದಳು. ಫೋನಿನಲ್ಲಿ ಒಂದೊಂದೇ ಹಾಳೆಯ ಫೋಟೋ ಹಿಡಿದು ಸಮಿತಿಯ ವಿಳಾಸಕ್ಕೆ ಕಳಿಸಿದಳು.

ಭಾವನ ಕಾರು ಗುಡ್ಡ ಹತ್ತಿದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ.

ಅವರು ಇಳಿದು ಮೆಷಿನ್ ನೋಡಿದರು, ಕೊಳವೆಯ ತುದಿ ಎಷ್ಟು ಕೆಳಗಿದೆ ಎಂದು ನೋಡಿದರು. ಯಾರೂ ಹೇಳಬೇಕಾಗಿರಲಿಲ್ಲ, ಅವರು ಓದಬಲ್ಲವರು. ಕೂಗಾಡುತ್ತಾರೆಂದು ನಾಲ್ವರೂ ಲಾರಿಯ ಹಿಂದಕ್ಕೆ ಸರಿದರು. ಅವರು ಕೂಗಾಡಲಿಲ್ಲ. ಒಂದು ಕಲ್ಲಿನ ಪೆಟ್ಟಿಗೆಯ ಮೇಲೆ ಕೂತರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒಮ್ಮೆಲೇ ತುಂಬ ವಯಸ್ಸಾದವರಂತೆ ಕಂಡರು. ಜ್ವರ ಬಂದಾಗ ರಾತ್ರಿಯೆಲ್ಲ ತಲೆಯ ಹತ್ತಿರ ಕೂತ ಮನುಷ್ಯ ಇವರೇ.

"ಕೂತ್ಕೋ," ಎಂದರು. ಅವಳು ಕೂರಲಿಲ್ಲ.

"ನಿನ್ನೆ ನಾನು ಇವನ ವಿಷಯ ಹಾಗೆ ಅನ್ನಬಾರದಿತ್ತು. ನಿನ್ನ ಅಕ್ಕ ಬೆಳಿಗ್ಗೆವರೆಗೂ ನನ್ನ ಜೊತೆ ಮಾತಾಡಿಲ್ಲ." ಕನ್ನಡಕ ಹಾಕಿಕೊಂಡು ಅವನನ್ನು ಮೊದಲ ಸಲ ಎಂಬಂತೆ ನೋಡಿದರು. "ಒಳ್ಳೇ ಹುಡುಗ. ನನ್ನ ಮೆಷಿನ್ನನ್ನ ನನಗಿಂತ ಚೆನ್ನಾಗಿ ನೋಡ್ಕೋತಾನೆ. ಕೇಳು. ಆ ಏಳನೇ ಹಾಳೆ ತೆಗೆದು ಉಳಿದಿದ್ದಕ್ಕೆ ಸಹಿ ಹಾಕು. ಈ ಎರಡನೇ ತೂತನ್ನ ಮುಚ್ಚಿಸಿಬಿಡೋಣ. ಭಾನುವಾರ ಇವನನ್ನ ಮನೆಗೆ ಕರ್ಕೊಂಡು ಬಾ. ನಾನೇ ಮುಂದೆ ನಿಂತು ಮದುವೆ ಮಾಡಿಸ್ತೀನಿ. ಯಾರೂ ಒಂದು ಮಾತು ಆಡೋ ಹಾಗಿಲ್ಲ."

ಮದುವೆ ಎಂಬ ಪದವನ್ನು ಆ ಗುಡ್ಡದ ಮೇಲೆ ಇಲ್ಲಿಯವರೆಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತ, ಭಾವನ ಬಾಯಿಂದ ಈ ಮಾತು ಬರುವಂತೆ ಮಾಡುವುದು ಹೇಗೆಂದು ಅವಳು ಹತ್ತು ರೀತಿಯಲ್ಲಿ ಯೋಚಿಸಿದ್ದಳು. ಈಗ ಅದು ಕೇಳದೆಯೇ ಬಂದು ನಿಂತಿತ್ತು.

ಅವಳು ಅವನ ಕಡೆ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು, ಧೂಳಿನಿಂದಲ್ಲ.

"ನನ್ನ ನೋಡ್ಬೇಡಿ ಮೇಡಂ," ಎಂದ ಮೆಲ್ಲಗೆ. "ನಾನು ಬರೆದಿದ್ದು ಬರೆದಾಯ್ತು. ಮಿಕ್ಕಿದ್ದಕ್ಕೆ ನನಗೆ ಯಾವತ್ತೂ ಒಪ್ಪಿಗೇನೇ. ನೀವು ಹೇಗೆ ಬಂದ್ರೂ ಸರಿ. ಬರಿಗೈಲಿ ಬಂದ್ರೂ ಸರಿ."

ಭಾವ ಕಾಯುತ್ತಿದ್ದರು. ಅವರ ಮುಖದಲ್ಲಿ ಮೋಸ ಇರಲಿಲ್ಲ. ಉಡುಗೊರೆ ಕೊಡುವವನ ಸಂಕೋಚ ಇತ್ತು. ಅದಕ್ಕೇ ಅವಳ ಕಣ್ಣು ತುಂಬಿತು. ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು.

"ಬೇಡ ಭಾವ."

"ಏನು ಬೇಡ? ಸಹಿನಾ, ಮದುವೆನಾ?"

"ಸಹಿ ಹಾಕಿ ಕಳಿಸಿಯಾಯ್ತು, ಏಳನೇದನ್ನೂ ಸೇರಿಸಿ. ಮದುವೆ ನಾವು ಮಾಡ್ಕೋತೀವಿ," ಎಂದಳು. "ನೀವು ಕೊಡೋದು ಬೇಡ."